ಒಂದು ಊರು ಇಡೀ ಮೆಡಿಟರೇನಿಯನ್ ತೀರವನ್ನು ಗೆದ್ದದ್ದು ಹೇಗೆ? ರೋಮ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ರೋಮ್ ವಿಷಯ ತೆಗೆದರೆ ಸಾಕು, ಸುತ್ತಿ ಬಳಸಿ ಅವೇ ಪ್ರಶ್ನೆಗಳು ಬರುತ್ತವೆ. ಮಾತಿನ ಮಧ್ಯೆ ಕೇಳಿದ್ದು, ಪತ್ರದಲ್ಲಿ ಬಂದಿದ್ದು ಎಲ್ಲವನ್ನೂ ಇಲ್ಲಿ ಒಟ್ಟು ಮಾಡಿದ್ದೇನೆ. ಕೇಳಿದವರ ಮಾತನ್ನು ತಿದ್ದಿಲ್ಲ. ಹೊಸಬರು ಮೇಲಿನಿಂದ ಓದಿ. ಉತ್ತರ ಆಫ್ರಿಕದ ಕಾರ್ತೇಜ್ ನಗರದ ಸೇನಾಪತಿ ಹ್ಯಾನಿಬಲ್‌ನ ಕಥೆ ಮೊದಲೇ ಗೊತ್ತಿದ್ದವರು ನೇರವಾಗಿ ಕೊನೆಯ ಭಾಗಕ್ಕೆ ಹೋದರೂ ನಡೆಯುತ್ತದೆ.

## ಶುರುವಿನ ಪ್ರಶ್ನೆಗಳು

ರೋಮ್ ಅಂದ್ರೆ ಮೊದಲಿನಿಂದಲೂ ದೊಡ್ಡ ಸಾಮ್ರಾಜ್ಯ ಅಲ್ವಾ?

ಅಲ್ಲ. ಟೈಬರ್ ನದಿಯ ದಡದಲ್ಲಿ, ಗುಡ್ಡಗಳ ಮೇಲೆ ಇದ್ದ ಒಂದು ಊರು, ಅಷ್ಟೇ. ರೋಮನ್ನರ ಲೆಕ್ಕದ ಪ್ರಕಾರ ಊರು ಹುಟ್ಟಿದ್ದು ಕ್ರಿ.ಪೂ. 753ರಲ್ಲಿ. ರಾಜನನ್ನು ಓಡಿಸಿ ಗಣರಾಜ್ಯ ಮಾಡಿಕೊಂಡಿದ್ದು ಕ್ರಿ.ಪೂ. 509ರಲ್ಲಿ. ಆಗ ಉತ್ತರಕ್ಕೆ ಎಟ್ರಸ್ಕನ್ನರ ಶ್ರೀಮಂತ ನಗರಗಳಿದ್ದವು. ದಕ್ಷಿಣದ ಬಯಲಲ್ಲಿ ಲ್ಯಾಟಿನ್ ಮಾತಾಡುವ ಊರುಗಳು, ಬೆಟ್ಟದ ಮೇಲೆ ಸದಾ ದಾಳಿಗಿಳಿಯುವ ಬುಡಕಟ್ಟುಗಳು, ಇಟಲಿಯ ಕೊನೆಯ ತುದಿಯಲ್ಲಿ ಗ್ರೀಕರು.

ವೇಯಿ ಎಂಬ ಎಟ್ರಸ್ಕನ್ ನಗರ ರೋಮ್‌ನಿಂದ ಸುಮಾರು 16 ಕಿ.ಮೀ. ದೂರ. ಬೆಳಿಗ್ಗೆ ಹೊರಟು ನಡೆದರೆ ಮಧ್ಯಾಹ್ನದ ಊಟಕ್ಕೆ ತಲುಪಬಹುದು. ಆ ನಗರವನ್ನು ರೋಮ್ ಗೆದ್ದಿದ್ದು ಕ್ರಿ.ಪೂ. 396ರಲ್ಲಿ. ಅಂದರೆ ಗಣರಾಜ್ಯವಾಗಿ ನೂರು ವರ್ಷ ದಾಟಿದರೂ ಇವರ ಗುದ್ದಾಟ ಪಕ್ಕದ ಊರಿನ ಜೊತೆಯೇ ಇತ್ತು.

ಗಾಲ್ ಜನ ಬಂದು ರೋಮನ್ನೇ ಸುಟ್ಟರಂತೆ, ನಿಜವಾ?

ಬಂದದ್ದು, ಲೂಟಿ ಮಾಡಿದ್ದು ನಿಜ. ಗಾಲರು ಅಂದರೆ ಉತ್ತರದಿಂದ ಬಂದ ಬುಡಕಟ್ಟು ಜನ. ಸುಮಾರು ಕ್ರಿ.ಪೂ. 390ರ ಮಾತು. ಅಲಿಯಾ ಹೊಳೆಯ ಹತ್ತಿರ ರೋಮನ್ ಸೈನ್ಯ ಚೆಲ್ಲಾಪಿಲ್ಲಿಯಾಯಿತು, ಗಾಲರು ಊರೊಳಗೆ ನುಗ್ಗಿದರು. ಬಿಟ್ಟುಹೋಗಲು ಚಿನ್ನ ಕೇಳಿದರಂತೆ. ತೂಗುವಾಗ ಕಲ್ಲು ಮೋಸದ್ದು ಅಂತ ರೋಮನ್ನರು ತಕರಾರು ತೆಗೆದರು. ಗಾಲರ ನಾಯಕ ಬ್ರೆನ್ನಸ್ ತನ್ನ ಕತ್ತಿಯನ್ನೂ ತಕ್ಕಡಿಗೆ ಎಸೆದು ‘ಸೋತವರ ಗತಿ ಇಷ್ಟೇ’ ಅಂದ ಎಂಬ ಕಥೆ ಇದೆ. ಕಥೆಗೆ ಬಣ್ಣ ಎಷ್ಟು ಹತ್ತಿದೆಯೋ, ಆ ಮಾತನ್ನು ಮಾತ್ರ ರೋಮನ್ನರು ಮರೆಯಲಿಲ್ಲ.

ನನಗೆ ಇದಕ್ಕಿಂತ ರುಚಿಸುವುದು ಆಮೇಲೆ ನಡೆದದ್ದು. ಏಟು ತಿಂದ ಊರು ತನ್ನ ಸುತ್ತ ಸುಮಾರು 11 ಕಿ.ಮೀ. ಉದ್ದದ ಕಲ್ಲಿನ ಗೋಡೆ ಕಟ್ಟಿತು. ಅದರ ಬಹುಪಾಲು ಕಲ್ಲು ಬಂದಿದ್ದು ಸೋತ ವೇಯಿಯ ನೆಲದ ಕ್ವಾರಿಗಳಿಂದ.

ಗೆದ್ದ ಊರನ್ನು ಏನ್ ಮಾಡ್ತಿದ್ರು? ಬರೀ ಲೂಟಿನಾ?

ಲೂಟಿ ಇತ್ತು, ಧಾರಾಳವಾಗಿಯೇ ಇತ್ತು. ಆದರೆ ಲೂಟಿ ಎಲ್ಲರೂ ಮಾಡುತ್ತಿದ್ದರು. ರೋಮ್ ಮಾಡಿದ ಬೇರೆ ಕೆಲಸ ಒಂದಿದೆ. ಅದನ್ನು ನೋಡಬೇಕಾದರೆ ಕ್ರಿ.ಪೂ. 338ಕ್ಕೆ ಹೋಗಬೇಕು.

ಆ ವರ್ಷ ಲ್ಯಾಟಿನ್ ಊರುಗಳ ಒಕ್ಕೂಟ ರೋಮ್ ಎದುರು ದಂಗೆಯೆದ್ದು ಸೋತಿತು. ರೋಮ್ ಒಕ್ಕೂಟವನ್ನು ಒಡೆದುಹಾಕಿತು. ಆದರೆ ಎಲ್ಲರನ್ನೂ ಒಂದೇ ಕೋಲಿನಿಂದ ಹೊಡೆಯಲಿಲ್ಲ, ಒಂದೊಂದು ಊರಿನ ಜೊತೆ ಬೇರೆ ಬೇರೆ ಕರಾರು ಮಾಡಿತು. ಲನುವಿಯಮ್, ಅರಿಸಿಯದಂಥ ಊರಿನವರು ಪೂರ್ತಿ ರೋಮನ್ ಪೌರರಾದರು. ಕಾಪುವ, ಫುಂದಿಯವರಿಗೆ ಪೌರತ್ವ ಸಿಕ್ಕಿತು, ಮತದ ಹಕ್ಕು ಸಿಗಲಿಲ್ಲ. ಟಿಬುರ್, ಪ್ರೆನೆಸ್ತೆ ಊರುಗಳು ಜಮೀನು ಕಳೆದುಕೊಂಡವು, ಆದರೂ ಮಿತ್ರರಾಗಿ ಉಳಿದವು. ಆಂಟಿಯಮ್ ಬಂದರಿನ ಹಡಗುಗಳನ್ನು ಕಿತ್ತುಕೊಂಡು, ಅವುಗಳ ಮೂತಿಗಳನ್ನು ರೋಮ್ ಚೌಕದ ಭಾಷಣದ ಕಟ್ಟೆಗೆ ಜಡಿದರು.

ಜೊತೆಗೆ ಹಲವು ಊರುಗಳಿಗೆ ಒಂದು ಕಟ್ಟಪ್ಪಣೆ. ನೀವು ನೀವು ಸೇರಿ ಸಭೆ ಮಾಡುವಂತಿಲ್ಲ, ವ್ಯಾಪಾರ ಮಾಡುವಂತಿಲ್ಲ, ಹೆಣ್ಣು ಕೊಟ್ಟು ತರುವಂತಿಲ್ಲ. ಏನಿದ್ದರೂ ರೋಮ್ ಜೊತೆ ಮಾಡಿ. ಒಬ್ಬೊಬ್ಬರಿಗೂ ಒಂದೊಂದು ಮೆಟ್ಟಿಲು. ಮೇಲಿನ ಮೆಟ್ಟಿಲು ಹತ್ತುವ ಆಸೆ, ಕೆಳಗೆ ಜಾರುವ ಭಯ. ಎಲ್ಲರೂ ಸೇರಿ ತಿರುಗಿಬೀಳುವ ಮಾತೇ ಇಲ್ಲ.

ಮಿತ್ರ ಊರುಗಳಿಂದ ರೋಮ್ ತೆರಿಗೆ ಕೇಳಲಿಲ್ಲ. ಕೇಳಿದ್ದು ಒಂದೇ: ಕರೆದಾಗ ಗಂಡಸರನ್ನು ಕಳಿಸಿ. ಸಂಬಳ ನೀವೇ ಕೊಡಿ, ದವಸ ನಾವು ಕೊಡುತ್ತೇವೆ. ಈ ಪುಟದಲ್ಲಿ ಒಂದೇ ಉತ್ತರ ಓದುವವರಿದ್ದರೆ ಇದನ್ನೇ ಓದಿ ಅಂತೀನಿ. ಉಳಿದದ್ದೆಲ್ಲ ಹೆಚ್ಚುಕಡಿಮೆ ಈ ಕರಾರಿನಿಂದ ಹುಟ್ಟಿದ್ದು.

ಸೋತವರು ಗೆದ್ದವನ ಪರವಾಗಿ ಹೋರಾಡೋದಾ? ಅದ್ಹೇಗೆ?

ಕೊಡಲಿ ಕಾವು ಕುಲಕ್ಕೆ ಮೃತ್ಯು ಅನ್ನುತ್ತಾರಲ್ಲ, ಅದೇ. ಆದರೆ ಕಾವಿನ ಕಡೆಯಿಂದಲೂ ನೋಡಿ. ಒಂದು ಚಿಕ್ಕ ಊರಿಗೆ ಬೆಟ್ಟದಿಂದ ಸಾಮ್ನೈಟರ ಕಾಟ, ಉತ್ತರದಿಂದ ಗಾಲರ ಭಯ. ರೋಮ್ ಜೊತೆಗಿದ್ದರೆ ಎರಡೂ ತಪ್ಪುತ್ತದೆ. ಯುದ್ಧಕ್ಕೆ ಹೋದ ಹುಡುಗನಿಗೆ ಲೂಟಿಯಲ್ಲಿ ಪಾಲು ಸಿಗುತ್ತದೆ. ಗೆದ್ದ ನೆಲದಲ್ಲಿ ರೋಮ್ ಹೊಸ ವಸಾಹತು ಊರು ಕಟ್ಟಿದರೆ ಅಲ್ಲಿ ಜಮೀನು ಸಿಗಲೂಬಹುದು. ಊರಿನ ಸಾಹುಕಾರರಿಗೂ ನೆಮ್ಮದಿ, ಯಾಕೆಂದರೆ ಕೆಳಗಿನವರು ಗಲಾಟೆ ಎಬ್ಬಿಸಿದರೆ ರೋಮ್ ನಿಲ್ಲುತ್ತಿದ್ದುದು ಸಾಹುಕಾರರ ಬೆನ್ನಿಗೇ.

ಇಷ್ಟಾದರೂ ಇದು ಪ್ರೀತಿಯ ಸಂಬಂಧ ಏನಲ್ಲ. ಮಿತ್ರ ಅನ್ನುವ ಹೆಸರಿಟ್ಟುಕೊಂಡ ಆಳು, ಅಷ್ಟೇ.

ಪ್ರತಿ ವರ್ಷ ಯುದ್ಧಕ್ಕೆ ಹೋಗ್ತಿದ್ರಲ್ಲ, ಸುಮ್ನೆ ಕೂರೋಕೆ ಏನಾಗಿತ್ತು?

ಸುಮ್ಮನೆ ಕೂತರೆ ನಷ್ಟವಾಗುತ್ತಿತ್ತು. ಮಿತ್ರರು ಕೊಡುತ್ತಿದ್ದುದು ದುಡ್ಡಲ್ಲ, ಸೈನಿಕರು ಅಂದೆನಲ್ಲ. ಯುದ್ಧ ಇಲ್ಲದ ವರ್ಷ ಆ ಕಪ್ಪ ಬರಲೇ ಇಲ್ಲ ಅಂತ ಅರ್ಥ.

ಇನ್ನೊಂದು ಕಾರಣ ಮನುಷ್ಯರದು. ರೋಮ್‌ಗೆ ಪ್ರತಿ ವರ್ಷ ಇಬ್ಬರು ಹೊಸ ಕಾನ್ಸಲ್‌ಗಳು, ಅಂದರೆ ಆಡಳಿತವನ್ನೂ ಸೈನ್ಯವನ್ನೂ ನಡೆಸುವ ಮುಖ್ಯಸ್ಥರು. ಅಧಿಕಾರ ಒಂದೇ ವರ್ಷ. ಅಷ್ಟರಲ್ಲಿ ಗೆದ್ದು ಬಂದರೆ ‘ಟ್ರಯಂಫ್’ ಮೆರವಣಿಗೆ ಸಿಗುತ್ತದೆ. ನಾಲ್ಕು ಕುದುರೆಯ ರಥ, ಮುಂದೆ ಬೇಡಿ ಹಾಕಿದ ಶತ್ರು ರಾಜ, ಹಿಂದೆ ಪೋಲಿ ಹಾಡು ಹೇಳುತ್ತಾ ಬರುವ ಸೈನಿಕರು. ಕನಿಷ್ಠ 5,000 ಶತ್ರುಗಳು ಸತ್ತಿದ್ದರೆ ಮಾತ್ರ ಆ ಗೌರವ ಎಂಬ ನಿಯಮವೂ ಒಂದು ಕಾಲದಲ್ಲಿತ್ತು ಅಂತ ಹಳೆಯ ಲೇಖಕನೊಬ್ಬ ಬರೆದಿದ್ದಾನೆ. ಅಪ್ಪ, ಅಜ್ಜ ಮೆರವಣಿಗೆ ಮಾಡಿಸಿಕೊಂಡ ಮನೆಯ ಹುಡುಗ ತನಗೂ ಒಂದು ಯುದ್ಧ ಬೇಕು ಅನ್ನದೆ ಇರುತ್ತಾನಾ?

ಜೇನಸ್ ದೇವರ ಗುಡಿಯ ಬಾಗಿಲನ್ನು ಶಾಂತಿ ಇದ್ದಾಗ ಮಾತ್ರ ಮುಚ್ಚುವ ಪದ್ಧತಿ. ರಾಜ ನೂಮನ ಕಾಲದಲ್ಲೊಮ್ಮೆ, ಮೊದಲ ಕಾರ್ತೇಜ್ ಯುದ್ಧ ಮುಗಿದ ಮೇಲೊಮ್ಮೆ ಮುಚ್ಚಿದ್ದು ಬಿಟ್ಟರೆ ಮೊದಲ ಚಕ್ರವರ್ತಿ ಅಗಸ್ಟಸ್ ಬರುವವರೆಗೆ ಆ ಬಾಗಿಲು ತೆರೆದೇ ಇತ್ತಂತೆ.

ಅವರ ಸೈನ್ಯದಲ್ಲಿ ಅಂಥದ್ದೇನಿತ್ತು?

ಎಲ್ಲರೂ ಕತ್ತಿ, ಗುರಾಣಿ ಅಂತ ಶುರು ಮಾಡುತ್ತಾರೆ. ಕತ್ತಿಯಂತೂ ಸ್ಪೇನ್‌ನವರಿಂದ ಕಲಿತದ್ದು. ಸಾಲುಗಳ ಏರ್ಪಾಡು ಮುಖ್ಯ, ಒಪ್ಪುತ್ತೇನೆ. ಮುಂದೆ ಹುಡುಗರು, ಹಿಂದೆ ಪಳಗಿದವರು, ಕೊನೆಗೆ ‘ತ್ರಿಯಾರಿ’ ಅನ್ನುವ ಹಳಬರು. ‘ಮಾತು ತ್ರಿಯಾರಿಗಳವರೆಗೆ ಬಂತು’ ಅಂದರೆ ಪರಿಸ್ಥಿತಿ ಕೈಮೀರುತ್ತಿದೆ ಅಂತ ಲ್ಯಾಟಿನ್‌ನಲ್ಲಿ ಗಾದೆಯೇ ಇತ್ತು.

ಆದರೆ ನಾನು ತೋರಿಸಬೇಕು ಅಂದುಕೊಂಡಿರುವುದು ಒಂದು ಸಾಯಂಕಾಲ. ಸೈನ್ಯ ದಿನವಿಡೀ ನಡೆದಿದೆ. ಅಳತೆಯವರು ಮುಂಚೆಯೇ ಹೋಗಿ ಜಾಗ ನೋಡಿ, ಕಾನ್ಸಲ್‌ನ ಡೇರೆ ಬರುವಲ್ಲಿ ಬಿಳಿ ಬಾವುಟ ನೆಟ್ಟಿದ್ದಾರೆ. ಅಲ್ಲಿಂದ ಬೀದಿಗಳ ಗುರುತು. ಬಂದ ಸೈನಿಕರು ಮಲಗುವುದಿಲ್ಲ. ಸುತ್ತ ಕಂದಕ ತೋಡುತ್ತಾರೆ, ಮಣ್ಣಿನ ಏರಿ ಹಾಕುತ್ತಾರೆ, ಹೊತ್ತು ತಂದ ಗೂಟಗಳನ್ನು ಅದರ ಮೇಲೆ ನೆಡುತ್ತಾರೆ. ಇಂದಿನ ಬಿಡಾರದಲ್ಲಿ ಯಾವ ಬೀದಿಯ ಎಷ್ಟನೇ ಡೇರೆಯೋ, ನಾಳೆಯೂ ಅದೇ. ಸ್ವಂತ ಊರಿಗೆ ಮರಳಿದವರು ಯಾರನ್ನೂ ಕೇಳದೆ ಮನೆಗೆ ಹೋಗುವ ಹಾಗೆ ಹೋಗುತ್ತಾರೆ ಅಂತ ಗ್ರೀಕ್ ಇತಿಹಾಸಕಾರ ಪೊಲಿಬಿಯಸ್ ಬೆರಗಾಗಿ ಬರೆದಿದ್ದಾನೆ. ರಾತ್ರಿ ಕಾವಲಿನವರ ಬಳಿ ಗುರುತಿನ ಮರದ ಬಿಲ್ಲೆ ಇರುತ್ತಿತ್ತು, ಗಸ್ತಿನವನು ಬಂದು ಅದನ್ನು ಇಸಿದುಕೊಳ್ಳುತ್ತಿದ್ದ. ನಿದ್ದೆ ಹೋದವನ ಬಿಲ್ಲೆ ಅಲ್ಲೇ ಉಳಿದು ಬೆಳಿಗ್ಗೆ ಸಿಕ್ಕಿಬೀಳುತ್ತಿದ್ದ. ಅವನನ್ನು ಹೊಡೆದು ಕೊಲ್ಲುತ್ತಿದ್ದವರು ಜೊತೆಗಾರರೇ.

## ದೊಡ್ಡ ಎದುರಾಳಿಗಳು

ಪಿರಸ್ ಗೆದ್ದೂ ಸೋತ ಅಂತಾರಲ್ಲ, ಏನದು?

ಪಿರಸ್ ಎಪೈರಸ್‌ನ ರಾಜ. ಆ ಕಾಲದ ಒಳ್ಳೆಯ ಸೇನಾಪತಿಗಳಲ್ಲಿ ಒಬ್ಬ. ದಕ್ಷಿಣ ಇಟಲಿಯ ಗ್ರೀಕ್ ನಗರ ಟಾರೆಂಟಮ್ ಕರೆದದ್ದಕ್ಕೆ ಆನೆಗಳ ಸಮೇತ ಬಂದ. ರೋಮನ್ನರು ಆನೆ ನೋಡಿದ್ದು ಅದೇ ಮೊದಲು. ಏನನ್ನಬೇಕೋ ತಿಳಿಯದೆ ‘ಲುಕಾನಿಯದ ಎತ್ತು’ ಅಂತ ಕರೆದರು!

ಕ್ರಿ.ಪೂ. 280ರಲ್ಲಿ ಹೆರಾಕ್ಲಿಯ, 279ರಲ್ಲಿ ಆಸ್ಕುಲಮ್, ಎರಡೂ ಕಡೆ ಗೆದ್ದ. ಆದರೆ ಸಮುದ್ರದಾಚೆಯಿಂದ ಕರೆತಂದ ಅವನ ಅನುಭವಿಗಳು ಸತ್ತರೆ ಬದಲಿ ಇರಲಿಲ್ಲ. ‘ಇಂಥದ್ದೇ ಇನ್ನೊಂದು ಗೆಲುವು ಬಂದರೆ ನಾವು ಮುಗಿದೆವು’ ಅಂದನಂತೆ. ಅವನ ದೂತ ಸಿನಿಯಸ್ ರೋಮ್ ನೋಡಿ ಬಂದು, ಇದು ತಲೆ ಕಡಿದಷ್ಟೂ ಚಿಗುರುವ ಹೈಡ್ರಾ ಹಾವು ಅಂದ. ನಮ್ಮವನಾಗಿದ್ದರೆ ರಕ್ತಬೀಜಾಸುರ ಅನ್ನುತ್ತಿದ್ದ. 275ರಲ್ಲಿ ಪಿರಸ್ ಇಟಲಿ ಬಿಟ್ಟು ಹೊರಟ. ಮೂರು ವರ್ಷಕ್ಕೆ ಟಾರೆಂಟಮ್ ಶರಣಾಯಿತು.

ಹಡಗೇ ಗೊತ್ತಿಲ್ಲದವರು ಕಾರ್ತೇಜನ್ನು ಸಮುದ್ರದಲ್ಲಿ ಸೋಲಿಸಿದ್ದು ಹೇಗೆ?

‘ಗೊತ್ತೇ ಇರಲಿಲ್ಲ’ ಅನ್ನುವುದು ಸ್ವಲ್ಪ ಜಾಸ್ತಿಯಾಯಿತು. ಇದ್ದದ್ದು ಚಿಕ್ಕಪುಟ್ಟ ಹಡಗು ಮತ್ತು ಮಿತ್ರ ಗ್ರೀಕರ ದೋಣಿಗಳು. ಕ್ರಿ.ಪೂ. 264ರಲ್ಲಿ ಸಿಸಿಲಿಯ ಮೆಸ್ಸಾನ ಊರಿಗಾಗಿ ಜಗಳ ಶುರುವಾದಾಗ ಹುಟ್ಟು ಹಾಕುವವರ ಐದು ಸಾಲಿನ ದೊಡ್ಡ ಯುದ್ಧನೌಕೆ ಇವರ ಹತ್ತಿರ ಇರಲಿಲ್ಲ. ದಡಕ್ಕೆ ಸಿಕ್ಕಿಕೊಂಡ ಒಂದು ಕಾರ್ತೇಜ್ ಹಡಗನ್ನು ಹಿಡಿದು, ಅದನ್ನೇ ಮಾದರಿ ಮಾಡಿಕೊಂಡು ಅಂಥ 100 ಹಡಗು ಕಟ್ಟಿದರು ಅಂತ ಪೊಲಿಬಿಯಸ್ ಬರೆಯುತ್ತಾನೆ. ಹಡಗು ತಯಾರಾಗುವ ತನಕ ಹುಟ್ಟು ಹಾಕುವವರನ್ನು ಒಣನೆಲದ ಮೇಲೆ ಬೆಂಚು ಹಾಕಿ ಕೂರಿಸಿ, ನೀರಿಲ್ಲದೆಯೇ ಅಭ್ಯಾಸ ಮಾಡಿಸಿದರಂತೆ.

ಆಮೇಲೆ ‘ಕೊರ್ವಸ್’ ಬಂತು, ಅಂದರೆ ಕಾಗೆ. ಹಡಗಿನ ಮುಂದೆ ನಿಲ್ಲಿಸಿದ ಹಲಗೆಯ ಸೇತುವೆ, ತುದಿಯಲ್ಲಿ ಕಬ್ಬಿಣದ ಕೊಕ್ಕು. ಶತ್ರು ಹಡಗು ಹತ್ತಿರ ಬಂದ ಕೂಡಲೇ ಧಡ್ ಅಂತ ಬೀಳಿಸಿದರೆ ಕೊಕ್ಕು ಅದರ ಮರಕ್ಕೆ ಕಚ್ಚಿಕೊಳ್ಳುತ್ತದೆ. ಸೈನಿಕರು ಅದರ ಮೇಲೆ ಓಡಿಹೋಗಿ ಕತ್ತಿ ಬೀಸುತ್ತಾರೆ. ಸಮುದ್ರದ ಜಗಳ ನೆಲದ ಜಗಳವಾಯಿತು. 260ರಲ್ಲಿ ಮೈಲೆ ಬಳಿ ಗೆದ್ದಿದ್ದು ಇದರಿಂದಲೇ.

ಆದರೂ ಸಮುದ್ರ ಇವರನ್ನು ಸುಮ್ಮನೆ ಬಿಡಲಿಲ್ಲ. 255ರಲ್ಲಿ ಸಿಸಿಲಿಯ ದಕ್ಷಿಣ ತೀರದಲ್ಲಿ ಬಿರುಗಾಳಿಗೆ ಸಿಕ್ಕ 364 ಹಡಗುಗಳಲ್ಲಿ 80 ಉಳಿದವು. ಮತ್ತೆ ಕಟ್ಟಿದರು, ಮತ್ತೆ ಮುಳುಗಿದವು. ಕೊನೆಗೆ ಬೊಕ್ಕಸ ಬರಿದಾದಾಗ ಶ್ರೀಮಂತರು ಕೈಯಿಂದ ದುಡ್ಡು ಹಾಕಿ 200 ಹಡಗು ಕಟ್ಟಿಸಿಕೊಟ್ಟರು, ಗೆದ್ದರೆ ವಾಪಸ್ ಕೊಡಿ ಅನ್ನುವ ಕರಾರಿನ ಮೇಲೆ. 241ರಲ್ಲಿ ಎಗಾದಿ ದ್ವೀಪಗಳ ಹತ್ತಿರ ಅವೇ ಹಡಗುಗಳು ಯುದ್ಧ ಮುಗಿಸಿದವು. ಅಲ್ಲಿನ ಸಮುದ್ರದ ತಳದಿಂದ ಈಚಿನ ವರ್ಷಗಳಲ್ಲಿ ಕಂಚಿನ ಹಡಗು ಮೂತಿಗಳನ್ನು ಮೇಲೆತ್ತಿದ್ದಾರೆ. ಕೆಲವದರ ಮೇಲೆ ಮಾಲನ್ನು ಪರೀಕ್ಷಿಸಿ ಒಪ್ಪಿದ ರೋಮನ್ ಅಧಿಕಾರಿಗಳ ಹೆಸರು ಇನ್ನೂ ಓದಲು ಬರುತ್ತದೆ.

ಕ್ಯಾನೆಯಲ್ಲಿ ಗೆದ್ದ ಮೇಲೆ ಹ್ಯಾನಿಬಲ್ ರೋಮ್ ಮೇಲೆ ಯಾಕೆ ನುಗ್ಗಲಿಲ್ಲ?

ಅತಿ ಹೆಚ್ಚು ಜನ ಕೇಳುವ ಪ್ರಶ್ನೆ ಇದು. ಕೇಳುವಾಗ ಹೊಟ್ಟೆಯುರಿಯೂ ಇರುತ್ತದೆ, ಎಲ್ಲರೂ ಹ್ಯಾನಿಬಲ್ ಪಕ್ಷ!

ಕ್ರಿ.ಪೂ. 218ರಲ್ಲಿ ಅವನು ಆಲ್ಪ್ಸ್ ದಾಟಿ ಇಟಲಿಗೆ ಇಳಿದ. ಟ್ರೆಬಿಯದಲ್ಲಿ ಗೆದ್ದ, ಟ್ರಾಸಿಮೀನ್ ಕೆರೆಯ ಮಂಜಿನಲ್ಲಿ ಗೆದ್ದ. 216ರ ಆಗಸ್ಟ್ 2ರಂದು ಕ್ಯಾನೆ. ಎದುರಿಗೆ ಸುಮಾರು 80,000 ರೋಮನ್ ಕಾಲಾಳುಗಳು. ಇವನ ಕಡೆ ಸುಮಾರು 40,000, ಆದರೆ ಕುದುರೆ ಸವಾರರು ಜಾಸ್ತಿ, ಒಳ್ಳೆಯವರು. ನಡುವಿನ ಸಾಲು ನಿಧಾನಕ್ಕೆ ಹಿಂದೆ ಸರಿಯಿತು. ಗೆದ್ದೆವು ಅಂದುಕೊಂಡ ರೋಮನ್ನರು ಒಳಕ್ಕೆ ನುಗ್ಗಿದರು. ಎರಡೂ ಪಕ್ಕದಿಂದ ಆಫ್ರಿಕದ ಕಾಲಾಳುಗಳು ಮುಚ್ಚಿಕೊಂಡರು, ಹಿಂದಿನಿಂದ ಕುದುರೆಗಳು. ಒಳಗಿದ್ದವರಿಗೆ ಕೈ ಎತ್ತುವಷ್ಟೂ ಜಾಗ ಇರಲಿಲ್ಲ. ಸತ್ತವರು ರೋಮನ್ ಇತಿಹಾಸಕಾರ ಲಿವಿಯ ಲೆಕ್ಕದಲ್ಲಿ ಸುಮಾರು 48,000, ಪೊಲಿಬಿಯಸ್ ಲೆಕ್ಕದಲ್ಲಿ 70,000.

ಇನ್ನು ನುಗ್ಗುವ ಮಾತು. ರೋಮ್ ಅಲ್ಲಿಂದ 400 ಕಿ.ಮೀ. ಹತ್ತಿರ ಹತ್ತಿರ. ಸುತ್ತ ಗೋಡೆ. ಹ್ಯಾನಿಬಲ್ ಹತ್ತಿರ ಗೋಡೆ ಒಡೆಯುವ ಯಂತ್ರಗಳಿಲ್ಲ, ದಣಿದ ಸೈನ್ಯ. ಅದಕ್ಕಿಂತ ಮುಖ್ಯವಾಗಿ, ಅವನ ಯೋಜನೆಯೇ ಬೇರೆ ಇತ್ತು. 338ರ ಕರಾರು ಹೇಳಿದೆನಲ್ಲ, ಅದನ್ನು ಹರಿದುಹಾಕಲು ಬಂದವನು ಅವನು. ರೋಮನ್ ಕೈದಿಗಳಿಗೆ ಬೆಲೆ ಕಟ್ಟುತ್ತಿದ್ದ, ಮಿತ್ರ ಊರುಗಳ ಕೈದಿಗಳನ್ನು ದುಡ್ಡಿಲ್ಲದೆ ಮನೆಗೆ ಕಳಿಸುತ್ತಿದ್ದ. ನನ್ನ ಜಗಳ ನಿಮ್ಮ ಜೊತೆ ಅಲ್ಲ ಅನ್ನುತ್ತಿದ್ದ. ಮಿತ್ರರು ಕಳಚಿಕೊಂಡರೆ ರೋಮ್ ಮತ್ತೆ ಟೈಬರ್ ದಡದ ಒಂದು ಊರು.

ಲೆಕ್ಕ ಸರಿಯಾಗಿಯೇ ಇತ್ತು. ಕಾಪುವ ಹೋಯಿತು, ಟಾರೆಂಟಮ್ ಹೋಯಿತು, ದಕ್ಷಿಣದ ಬಹುಭಾಗ ಹೋಯಿತು. ಆದರೆ ನಡು ಇಟಲಿ ಅಲ್ಲಾಡಲಿಲ್ಲ. 209ರಲ್ಲಿ 30 ಲ್ಯಾಟಿನ್ ವಸಾಹತುಗಳ ಪೈಕಿ 12 ಊರು ಇನ್ನು ಜನ ಕೊಡಲಾರೆವು ಅಂದವು. ಉಳಿದ 18 ಊರು ಕೊಡುತ್ತಲೇ ಹೋದವು. ಕ್ಯಾನೆಗೂ ಮುಂಚೆ, 225ರ ಹೊತ್ತಿಗೆ ರೋಮ್ ಮತ್ತು ಮಿತ್ರರ ಪಟ್ಟಿಯಲ್ಲಿ ಆಯುಧ ಹಿಡಿಯಬಲ್ಲವರು 7 ಲಕ್ಷ ಕಾಲಾಳು, 70,000 ಸವಾರರು ಇದ್ದರು ಅಂತ ಪೊಲಿಬಿಯಸ್ ಲೆಕ್ಕ. ಹ್ಯಾನಿಬಲ್‌ಗೆ ಕಾಣದೆ ಹೋದದ್ದು ಈ ಪಟ್ಟಿ.

ಕ್ಯಾನೆ ಸುದ್ದಿ ಬಂದಾಗ ರೋಮ್ ಏನು ಮಾಡಿತು ನೋಡಿ. ಗಂಡ, ಮಕ್ಕಳನ್ನು ಕಳೆದುಕೊಂಡವರು 30 ದಿನಕ್ಕಿಂತ ಜಾಸ್ತಿ ಸೂತಕ ಆಚರಿಸುವಂತಿಲ್ಲ ಅಂದಿತು. 8,000 ಗುಲಾಮರನ್ನು ಸರ್ಕಾರದ ದುಡ್ಡಲ್ಲಿ ಕೊಂಡು ಸೈನಿಕರನ್ನಾಗಿ ಮಾಡಿತು. ಹಳೆಯ ಯುದ್ಧಗಳಲ್ಲಿ ಗೆದ್ದು ಗುಡಿಯಲ್ಲಿ ತೂಗುಹಾಕಿದ್ದ ಆಯುಧಗಳನ್ನು ಇಳಿಸಿ ಹಂಚಿತು. ಸಂಧಿ ಮಾತಿಗೆ ಬಂದ ಹ್ಯಾನಿಬಲ್‌ನ ದೂತನನ್ನು ಊರೊಳಗೇ ಬಿಡಲಿಲ್ಲ.

ಮುಂದೆ ರೋಮನ್ ಸೇನಾಪತಿ ಸ್ಕಿಪಿಯೊ ಸ್ಪೇನ್ ಕಿತ್ತುಕೊಂಡು, ಆಫ್ರಿಕಕ್ಕೆ ಹೋಗಿ, ನುಮಿಡಿಯದ ಮಾಸಿನಿಸ್ಸನ ಕುದುರೆಗಳನ್ನು ಜೊತೆಗಿಟ್ಟುಕೊಂಡು 202ರಲ್ಲಿ ಜಾಮಾದಲ್ಲಿ ಹ್ಯಾನಿಬಲ್‌ನನ್ನು ಸೋಲಿಸಿದ. ದಂಡ 10,000 ಟ್ಯಾಲೆಂಟ್ ಬೆಳ್ಳಿ. ಒಂದು ಟ್ಯಾಲೆಂಟ್ ಅಂದರೆ ಸುಮಾರು 26 ಕಿಲೋ. 50 ವರ್ಷದ ಕಂತು.

ಕಾರ್ತೇಜ್ ಹೊಲಗಳಿಗೆ ಉಪ್ಪು ಸುರಿದ್ರಂತೆ?

ಇಲ್ಲ. ಹಳೆಯ ಲೇಖಕರು ಯಾರೂ ಇದನ್ನು ಹೇಳಿಲ್ಲ, ಬಹಳ ಈಚೆಗೆ ಸೇರಿಕೊಂಡ ಕಥೆ. ಆ ನೆಲದಿಂದ ಮುಂದೆ ರೋಮ್‌ಗೆ ಗೋಧಿ ಬರುತ್ತಿತ್ತು.

ನಿಜವಾಗಿ ನಡೆದದ್ದು ಉಪ್ಪಿಗಿಂತ ಕೆಟ್ಟದ್ದು. ಕ್ರಿ.ಪೂ. 149ರಲ್ಲಿ ಯುದ್ಧ ತಪ್ಪಿಸಿಕೊಳ್ಳಲು ಕಾರ್ತೇಜ್ ದೊಡ್ಡ ಮನೆಗಳ 300 ಮಕ್ಕಳನ್ನು ಒತ್ತೆ ಕೊಟ್ಟಿತು. ಆಯುಧ ಕೇಳಿದರು, ಗಾಡಿಗಟ್ಟಲೆ ಕೊಟ್ಟಿತು. ಎಲ್ಲ ಕೈಗೆ ಬಂದ ಮೇಲೆ ಕೊನೆಯ ಷರತ್ತು ಹೊರಗೆ ಬಂತು: ಊರು ಬಿಟ್ಟು ಸಮುದ್ರದಿಂದ ಸುಮಾರು 15 ಕಿ.ಮೀ. ಒಳಗೆ ಹೋಗಿ. ವ್ಯಾಪಾರದಿಂದ ಬದುಕುವ ಬಂದರಿಗೆ ಹೇಳುವ ಮಾತಾ ಇದು? ಬಾಗಿಲು ಹಾಕಿಕೊಂಡರು. ಯಂತ್ರಗಳ ಹಗ್ಗಕ್ಕೆ ಹೆಂಗಸರು ಕೂದಲು ಕತ್ತರಿಸಿಕೊಟ್ಟರಂತೆ. ಮೂರು ವರ್ಷ ತಡೆದರು. 146ರಲ್ಲಿ ಆರು ದಿನ ಮನೆಮನೆಯಲ್ಲೂ ಕಾದಾಟ. ಕೊನೆಗೆ ಹೊರಬಂದ ಸುಮಾರು 50,000 ಜನ ಗುಲಾಮರಾದರು.

ಗ್ರೀಕರು ಅಷ್ಟು ಬುದ್ಧಿವಂತರು, ಅವರೂ ಯಾಕೆ ಬಿದ್ದರು?

ಒಬ್ಬರನ್ನು ಕಂಡರೆ ಒಬ್ಬರಿಗೆ ಆಗುತ್ತಿರಲಿಲ್ಲ. ಇಬ್ಬರ ಜಗಳ ಮೂರನೆಯವನಿಗೆ ಲಾಭ. ಮ್ಯಾಸಿಡೋನಿಯದ ರಾಜನ ಮೇಲೆ ದೂರು ಹೇಳಲು ಗ್ರೀಕ್ ನಗರಗಳೇ ರೋಮ್‌ಗೆ ಓಡುತ್ತಿದ್ದವು. ಕ್ರಿ.ಪೂ. 197ರಲ್ಲಿ ಸೈನೊಸೆಫಲೆಯ ಏರುಪೇರು ನೆಲದಲ್ಲಿ ಮ್ಯಾಸಿಡೋನಿಯದ ಉದ್ದ ಈಟಿಗಳ ಸಾಲು ಒಡೆಯಿತು. ಮರುವರ್ಷ ಆಟೋಟದ ಜಾತ್ರೆಯಲ್ಲಿ ‘ಗ್ರೀಕರೆಲ್ಲ ಸ್ವತಂತ್ರರು’ ಅಂತ ರೋಮನ್ ಸೇನಾಪತಿ ಫ್ಲಾಮಿನಿನಸ್ ಸಾರಿಸಿದ. ಜನ ಕುಣಿದಾಡಿದರು.

ಆ ಸ್ವಾತಂತ್ರ್ಯ ಎಂಥದ್ದು ಅನ್ನುವುದು 168ರ ಒಂದು ದೃಶ್ಯದಲ್ಲಿ ಕಾಣುತ್ತದೆ. ಸಿರಿಯದ ರಾಜ ನಾಲ್ಕನೇ ಆಂಟಿಯೋಕಸ್ ಈಜಿಪ್ಟ್ ಗೆಲ್ಲುವ ಹಂತದಲ್ಲಿದ್ದ, ಅಲೆಕ್ಸಾಂಡ್ರಿಯದ ಹೊರಗೆ ಬಂದು ನಿಂತಿದ್ದ. ರೋಮ್‌ನಿಂದ ಪೊಪಿಲಿಯಸ್ ಎಂಬ ದೂತ ಬಂದ. ರಾಜ ಕೈ ಚಾಚಿದ. ಪೊಪಿಲಿಯಸ್ ಕೈ ಕೊಡಲಿಲ್ಲ, ರೋಮ್‌ನ ಹಿರಿಯರ ಸಭೆಯಾದ ಸೆನೆಟ್‌ನ ಪತ್ರ ಕೊಟ್ಟು ಓದು ಅಂದ. ಈಜಿಪ್ಟ್ ಬಿಟ್ಟು ಹೊರಡು ಅಂತಿತ್ತು. ಆಪ್ತರನ್ನು ಕೇಳಿ ಹೇಳುತ್ತೇನೆ ಅಂದ ರಾಜ. ದೂತ ಕೈಲಿದ್ದ ಕೋಲಿನಿಂದ ಮರಳಲ್ಲಿ ರಾಜನ ಸುತ್ತ ಒಂದು ಗೆರೆ ಎಳೆದ. ಇದರಿಂದ ಆಚೆ ಕಾಲಿಡುವ ಮುಂಚೆ ಉತ್ತರ ಹೇಳು ಅಂದ. ಲಕ್ಷ್ಮಣ ರೇಖೆಯಾದರೂ ಒಳಗಿದ್ದವರನ್ನು ಕಾಯಲು ಎಳೆದದ್ದು. ರಾಜ ಒಂದು ಕ್ಷಣ ತಡೆದು ಒಪ್ಪಿದ. ಆಗ ಪೊಪಿಲಿಯಸ್ ನಗುತ್ತಾ ಕೈ ಕುಲುಕಿದ. ಹಿಂದೆ ಒಬ್ಬ ಸೈನಿಕನೂ ಇರಲಿಲ್ಲ. ಇದ್ದದ್ದು ಆಗಷ್ಟೇ ಬಂದಿದ್ದ ಸುದ್ದಿ: ಪಿಡ್ನಾದಲ್ಲಿ ಮ್ಯಾಸಿಡೋನಿಯ ಮಣ್ಣಾಯಿತು.

ಮರುವರ್ಷ ಎಪೈರಸ್‌ನ 70 ಊರುಗಳನ್ನು ಲೂಟಿ ಮಾಡಿ 1,50,000 ಜನರನ್ನು ಗುಲಾಮರನ್ನಾಗಿ ಮಾರಿದರು. ಪಿರಸ್‌ನ ನಾಡು ಅದು. 146ರಲ್ಲಿ ಕೊರಿಂತ್ ನಗರ ನೆಲಸಮವಾಯಿತು. ಕೊರಿಂತ್ ಗೆದ್ದ ಮುಮ್ಮಿಯಸ್ ಅಲ್ಲಿನ ಅಪರೂಪದ ಶಿಲ್ಪಗಳನ್ನು ಸಾಗಿಸುವ ಗುತ್ತಿಗೆದಾರರಿಗೆ, ಕಳೆದುಹಾಕಿದರೆ ಅಂಥದ್ದೇ ಹೊಸದು ತಂದುಕೊಡಬೇಕು ಅಂತ ಕರಾರು ಹಾಕಿದನಂತೆ.

## ಇನ್ನೂ ಒಳಗೆ ಹೋಗುವವರಿಗೆ

ನಾವು ಆತ್ಮರಕ್ಷಣೆಗೆ ಹೋರಾಡಿದ್ವಿ ಅಂತ ರೋಮನ್ನರು ಹೇಳ್ತಾರಲ್ಲ, ನಂಬಬಹುದಾ?

ಅವರು ನಂಬಿದ್ದರು, ಅಷ್ಟು ಹೇಳಬಹುದು. ಯುದ್ಧ ಸಾರಲು ‘ಫೆತಿಯಾಲೆಸ್’ ಎಂಬ ಪೂಜಾರಿಗಳೇ ಇದ್ದರು. ಮೊದಲು ಹೋಗಿ ನಷ್ಟ ತುಂಬಿಕೊಡಿ ಅಂತ ಕೇಳಬೇಕು, ಗಡುವು ಮುಗಿದ ಮೇಲೆ ಶತ್ರುವಿನ ನೆಲಕ್ಕೆ ಈಟಿ ಎಸೆಯಬೇಕು. ಪಿರಸ್‌ನ ನೆಲ ಸಮುದ್ರದಾಚೆ, ಈಟಿ ಎಸೆಯುವುದೆಲ್ಲಿ? ಸೆರೆ ಸಿಕ್ಕ ಅವನ ಸೈನಿಕನೊಬ್ಬನಿಂದ ರೋಮ್‌ನಲ್ಲೇ ಒಂದು ತುಂಡು ಜಾಗ ಕೊಳ್ಳಿಸಿ, ಅದೇ ಶತ್ರುವಿನ ನೆಲ ಅಂತ ಅಲ್ಲಿಗೆ ಎಸೆದರಂತೆ. ಶಾಸ್ತ್ರ ಬಿಡಬಾರದು, ಕೆಲಸವೂ ನಿಲ್ಲಬಾರದು!

ಇತಿಹಾಸಕಾರರಲ್ಲಿ ಈಗಲೂ ಎರಡು ಪಕ್ಷ. ರೋಮ್ ಹುಟ್ಟಾ ಆಕ್ರಮಣಕಾರಿ ಅನ್ನುವವರು ಒಂದು ಕಡೆ. ಆಗ ಎಲ್ಲ ರಾಜ್ಯಗಳೂ ಹಾಗೆಯೇ ಇದ್ದವು, ರೋಮ್ ಅದರಲ್ಲಿ ಗೆದ್ದಿತು ಅಷ್ಟೇ ಅನ್ನುವವರು ಇನ್ನೊಂದು ಕಡೆ. ನನಗೆ ಎರಡನೆಯದು ಹೆಚ್ಚು ಸರಿ ಅನಿಸುತ್ತದೆ, ಇಟಲಿಯ ಮಟ್ಟಿಗೆ. ಕಾರ್ತೇಜ್‌ನ ಕೊನೆಯ ಯುದ್ಧಕ್ಕೆ ಆ ಮಾತು ಹೊಂದುವುದಿಲ್ಲ.

ಯುದ್ಧ ಇಲ್ಲದೆ ಸಿಕ್ಕ ರಾಜ್ಯ ಯಾವುದಾದ್ರೂ ಇದೆಯಾ?

ಇದೆ. ಪೆರ್ಗಮಮ್. ಕ್ರಿ.ಪೂ. 133ರಲ್ಲಿ ಮಕ್ಕಳಿಲ್ಲದೆ ಸತ್ತ ಮೂರನೇ ಅಟ್ಟಾಲಸ್ ರಾಜ್ಯವನ್ನು ರೋಮ್ ಹೆಸರಿಗೆ ಉಯಿಲು ಬರೆದಿಟ್ಟಿದ್ದ. ಅದೇ ‘ಏಷ್ಯಾ’ ಪ್ರಾಂತ್ಯವಾಯಿತು.

ಇಷ್ಟು ಗೆದ್ದಿದ್ರಿಂದ ಲಾಭ ಯಾರಿಗೆ ಆಯ್ತು?

ಮೇಲಿನವರಿಗೆ. ಕ್ರಿ.ಪೂ. 167ರಿಂದ ರೋಮನ್ ಪೌರರು ಯುದ್ಧ ತೆರಿಗೆ ಕಟ್ಟುವುದನ್ನೇ ನಿಲ್ಲಿಸಿದರು, ಮ್ಯಾಸಿಡೋನಿಯದ ಲೂಟಿ ಅಷ್ಟಿತ್ತು. ಪ್ರಾಂತ್ಯಗಳ ತೆರಿಗೆಯನ್ನು ಹರಾಜು ಹಾಕುತ್ತಿದ್ದರು. ಗುತ್ತಿಗೆ ಹಿಡಿದವನು ರೋಮ್‌ಗೆ ಇಷ್ಟು ಅಂತ ಕೊಟ್ಟು, ಜನರಿಂದ ಹಿಂಡಿದಷ್ಟೂ ತನ್ನದು. ಏಷ್ಯಾ ಪ್ರಾಂತ್ಯದಲ್ಲಿ ಈ ಸಿಟ್ಟು ಎಷ್ಟು ಕುದಿದಿತ್ತೆಂದರೆ, 88ರಲ್ಲಿ ರಾಜ ಮಿತ್ರಿಡೇಟಿಸ್ ಸನ್ನೆ ಕೊಟ್ಟಾಗ ಕನಿಷ್ಠ 80,000 ರೋಮನ್ನರನ್ನೂ ಇಟಲಿಯವರನ್ನೂ ಅಲ್ಲಿನ ಜನ ಕೊಂದರು ಎಂದು ಹಳೆಯ ಲೇಖಕರ ಲೆಕ್ಕ.

ಸ್ಪೇನ್‌ನಲ್ಲಿ ವರ್ಷಗಟ್ಟಲೆ ಹೋರಾಡಿ ಬಂದ ಸಣ್ಣ ರೈತನಿಗೆ ಮನೆಯಲ್ಲಿ ಕಾದಿದ್ದುದು ಸಾಲ, ಪಾಳು ಹೊಲ. ಪಕ್ಕದ ದೊಡ್ಡ ಜಮೀನಿನಲ್ಲಿ ಅವನೇ ಹಿಡಿದು ತಂದ ಗುಲಾಮರು ಕೆಲಸ ಮಾಡುತ್ತಿದ್ದರು. ಭೂಮಿ ಹಂಚಬೇಕು ಅಂದ ಟೈಬೀರಿಯಸ್ ಗ್ರಾಕಸ್‌ನನ್ನು 133ರಲ್ಲಿ ಸೆನೆಟರ್‌ಗಳ ಗುಂಪು ಹೊಡೆದು ಕೊಂದಿತು.

ಮಿತ್ರರು ಯಾವತ್ತೂ ತಿರುಗಿ ಬೀಳಲೇ ಇಲ್ವಾ?

ಬಿದ್ದರು. ಕ್ರಿ.ಪೂ. 91ರಲ್ಲಿ. ವಿಚಿತ್ರ ಅಂದರೆ ರೋಮ್‌ನಿಂದ ಬಿಡಿಸಿಕೊಳ್ಳಲು ಅಲ್ಲ. ಸೈನ್ಯದ ಅರ್ಧಕ್ಕೂ ಹೆಚ್ಚು ಜನ ನಮ್ಮವರು, ಮತ ಮಾತ್ರ ನಿಮ್ಮದಾ ಅಂತ ಜಗಳ. ಕೊರ್ಫಿನಿಯಮ್ ಊರಿಗೆ ‘ಇಟಾಲಿಕ’ ಅಂತ ಹೆಸರಿಟ್ಟು ರಾಜಧಾನಿ ಮಾಡಿದರು. ಅವರ ಒಂದು ನಾಣ್ಯದಲ್ಲಿ ಇಟಲಿಯ ಗೂಳಿ ರೋಮ್‌ನ ತೋಳವನ್ನು ತಿವಿಯುತ್ತಿದೆ. ರೋಮ್ ಯುದ್ಧಭೂಮಿಯಲ್ಲಿ ಗೆದ್ದಿತು, ಆದರೆ ಕೇಳಿದ್ದನ್ನು ಕೊಟ್ಟೇ ಗೆದ್ದಿತು. 90ರಿಂದಲೇ ಪೌರತ್ವ ಹಂಚತೊಡಗಿತು.

ಸೀಸರ್ ಗಾಲ್ ಗೆದ್ದಿದ್ದೂ ಇದೇ ಥರಾನಾ?

ಗಾಲ್ ಅಂದರೆ ಹೆಚ್ಚುಕಡಿಮೆ ಇಂದಿನ ಫ್ರಾನ್ಸ್. ಇಲ್ಲಿ ಬಣ್ಣ ಬದಲಾಗಿತ್ತು. ಕ್ರಿ.ಪೂ. 58ರಿಂದ ಎಂಟು ವರ್ಷ ನಡೆದ ಆ ಯುದ್ಧ ಹೆಚ್ಚುಕಡಿಮೆ ಒಬ್ಬ ಮನುಷ್ಯನ ಸ್ವಂತ ವ್ಯವಹಾರ. ಸಾಲ ತೀರಿಸಬೇಕಿತ್ತು, ಹೆಸರು ಬೇಕಿತ್ತು, ತನಗೇ ನಿಷ್ಠವಾದ ಸೈನ್ಯ ಬೇಕಿತ್ತು. 52ರಲ್ಲಿ ಅಲೇಸಿಯ ಗುಡ್ಡದ ಮೇಲೆ ಗಾಲರ ನಾಯಕ ವೆರ್ಸಿಂಜೆಟೊರಿಕ್ಸ್‌ನನ್ನು ಮುತ್ತಿ, ಒಳಗಿನವರಿಗೆ ಸುಮಾರು 16 ಕಿ.ಮೀ. ಉದ್ದದ ಗೋಡೆ, ಹೊರಗಿನಿಂದ ಬರುವವರಿಗೆ ಸುಮಾರು 21 ಕಿ.ಮೀ. ಗೋಡೆ ಕಟ್ಟಿಸಿದ. ಊಟ ಮುಗಿಯುತ್ತಾ ಬಂದಾಗ ಗಾಲರು ಊರಿನ ಹೆಂಗಸರು, ಮಕ್ಕಳು, ಮುದುಕರನ್ನು ಹೊರಗೆ ಕಳಿಸಿದರು. ನಮ್ಮನ್ನು ಗುಲಾಮರನ್ನಾಗಿಯಾದರೂ ಇಟ್ಟುಕೊಳ್ಳಿ ಅಂತ ಅವರು ಬೇಡಿದರು. ಸೀಸರ್ ಬಿಟ್ಟುಕೊಳ್ಳಲಿಲ್ಲ. ಎರಡು ಸೈನ್ಯಗಳ ನಡುವೆ ಉಳಿದ ಅವರ ಬಗ್ಗೆ ಅವನ ಬರಹ ಮುಂದೆ ಮಾತೇ ಆಡುವುದಿಲ್ಲ.

ಹಾಗಾದ್ರೆ ಎಲ್ಲಿ ನಿಂತರು?

ಪೂರ್ವದಲ್ಲಿ ಪಾರ್ಥಿಯನ್ನರು. ಕ್ರಿ.ಪೂ. 53ರಲ್ಲಿ ರೋಮನ್ ಸೇನಾಪತಿ ಕ್ರಾಸಸ್ ಕಾರೆಯಲ್ಲಿ ಅವರ ಕುದುರೆ ಬಿಲ್ಲುಗಾರರಿಗೆ ಬಲಿಯಾದ. ಉತ್ತರದಲ್ಲಿ ಜರ್ಮನ್ ಕಾಡು. ಕ್ರಿ.ಶ. 9ರಲ್ಲಿ ಟ್ಯೂಟೊಬರ್ಗ್ ಕಾಡಿನಲ್ಲಿ ಮೂರು ಲೀಜನ್, ಅಂದರೆ ರೋಮನ್ ಸೈನ್ಯದ ಮೂರು ದೊಡ್ಡ ತುಕಡಿಗಳು, ಅಳಿಸಿಹೋದವು. ಹೊಂಚು ಹಾಕಿದ ಆರ್ಮಿನಿಯಸ್ ರೋಮನ್ ಸೈನ್ಯದಲ್ಲೇ ಅಧಿಕಾರಿಯಾಗಿದ್ದವನು, ರೋಮನ್ ಪೌರ. ಇಲ್ಲಿ ಕಾವು ಕೊಡಲಿಗೇ ತಿರುಗಿತು. 17, 18, 19 ಎಂಬ ಆ ಲೀಜನ್ ಸಂಖ್ಯೆಗಳನ್ನು ರೋಮ್ ಮತ್ತೆ ಬಳಸಲಿಲ್ಲ. ಬ್ರಿಟನ್, ಡೇಸಿಯ ಆಮೇಲೆ ಸೇರಿದವು. ಚಕ್ರವರ್ತಿ ಟ್ರೇಜನ್ ಸತ್ತ ಕ್ರಿ.ಶ. 117ರಲ್ಲಿ ಹೇಡ್ರಿಯನ್ ಬಂದು ಮೆಸೊಪೊಟೇಮಿಯ ನಮಗೆ ಬೇಡ ಅಂತ ಕೈಬಿಟ್ಟ.

ನಮ್ಮ ಕಡೆಗೂ ರೋಮ್‌ಗೂ ಏನಾದ್ರೂ ನಂಟು ಇತ್ತಾ?

ಸೈನ್ಯ ಬರಲಿಲ್ಲ, ದುಡ್ಡು ಬಂತು. ಕ್ರಿ.ಪೂ. 30ರಲ್ಲಿ ಈಜಿಪ್ಟ್ ಕೈಗೆ ಸಿಕ್ಕ ಮೇಲೆ ಕೆಂಪು ಸಮುದ್ರದ ಬಂದರುಗಳು ರೋಮ್‌ನದಾದವು. ಒಂದೇ ಬಂದರಿನಿಂದ ವರ್ಷಕ್ಕೆ 120 ಹಡಗು ಭಾರತಕ್ಕೆ ಹೊರಡುತ್ತವೆ ಅಂತ ಸ್ಟ್ರಾಬೊ ಬರೆದ. ಮೆಣಸು, ಮುತ್ತು, ಬಟ್ಟೆಗೆ ವರ್ಷಕ್ಕೆ 5 ಕೋಟಿ ಸೆಸ್ಟರ್ಸ್ (ರೋಮನ್ ನಾಣ್ಯ) ಹೋಗುತ್ತಿದೆ ಅಂತ ಪ್ಲಿನಿ ಗೊಣಗಿದ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ, ಬೆಂಗಳೂರಿನ ಯಶವಂತಪುರದಲ್ಲಿ ನೆಲದಿಂದ ಮೇಲೆ ಬಂದ ರೋಮನ್ ಬೆಳ್ಳಿ ನಾಣ್ಯಗಳು ಆ ಗೊಣಗಾಟದ ಈ ಕಡೆಯ ತುದಿ.

ಇದನ್ನೆಲ್ಲ ಬರೆದವರು ಗೆದ್ದವರೇ ಅಲ್ವಾ? ಸೋತವರ ಮಾತು ಎಲ್ಲಿದೆ?

ಒಳ್ಳೆಯ ಪ್ರಶ್ನೆ. ಪೊಲಿಬಿಯಸ್ ಗ್ರೀಕ, ರೋಮ್‌ಗೆ ಒತ್ತೆಯಾಳಾಗಿ ಬಂದ 1,000 ಜನರಲ್ಲಿ ಒಬ್ಬ. ಆದರೆ ಕಾರ್ತೇಜ್ ಸುಟ್ಟ ಸ್ಕಿಪಿಯೊನ (ಹ್ಯಾನಿಬಲ್‌ನನ್ನು ಸೋಲಿಸಿದವನಲ್ಲ, ಅದೇ ಮನೆತನದ ಕಿರಿಯ) ಸ್ನೇಹಿತನಾದ, ಅವನ ಪಕ್ಕದಲ್ಲೇ ನಿಂತು ನಗರ ಉರಿಯುವುದನ್ನು ನೋಡಿದ. ಲಿವಿ ಬರೆದದ್ದು ಹ್ಯಾನಿಬಲ್ ಆಗಿ ಸುಮಾರು ಇನ್ನೂರು ವರ್ಷದ ಮೇಲೆ. ಆದ್ದರಿಂದ ಸತ್ತವರ ಲೆಕ್ಕ, ರಾಜರ ಮಾತು ಇಂಥದ್ದನ್ನೆಲ್ಲ ಸ್ವಲ್ಪ ಕೈಯಲ್ಲಿ ತೂಗಿ ನೋಡಬೇಕು.

ಕಾರ್ತೇಜ್‌ನಲ್ಲಿ ಪುಸ್ತಕ ಭಂಡಾರಗಳಿದ್ದವು. ಊರು ಬಿದ್ದ ಮೇಲೆ ಸೆನೆಟ್ ಅವನ್ನು ಆಫ್ರಿಕದ ಸಣ್ಣಪುಟ್ಟ ರಾಜರಿಗೆ ಕೊಟ್ಟುಬಿಟ್ಟಿತು. ಒಂದನ್ನು ಮಾತ್ರ ಇಟ್ಟುಕೊಂಡು ಲ್ಯಾಟಿನ್‌ಗೆ ಅನುವಾದ ಮಾಡಿಸಿತು. ಮಾಗೊ ಎಂಬುವನು 28 ಭಾಗಗಳಲ್ಲಿ ಬರೆದ ಬೇಸಾಯದ ಪುಸ್ತಕ. ಅದೂ ಪೂರ್ತಿ ಉಳಿದಿಲ್ಲ, ಬೇರೆಯವರು ಉದ್ಧರಿಸಿದ ಸಾಲುಗಳಿವೆ. ಜಮೀನು ಕೊಳ್ಳುವವನು ಮೊದಲು ಪಟ್ಟಣದ ಮನೆ ಮಾರಬೇಕು ಅನ್ನುತ್ತದೆ ಅದರ ಶುರುವಿನ ಮಾತು.